ಹಾಡು ಕಳಸೂದಾದ್ರ ಹೆಸರೂ ಕಳಸ್ರಿ

ಶ್ರಾವಣ ಬಂತಂದ್ರ ನಮ್ಮ ಬಳಗದ ಹೆಣಮಕ್ಕಳ ಫೋನಿಗೆ ಪುರುಸೊತ್ತ ಸಿಗಾಂಗಿಲ್ಲ. ಒಬ್ಬಾಕಿ ಶುಕ್ರವಾರದ ಲಕ್ಷ್ಮೀ ಹಾಡು ಕಳಸ್ತಾಳ, ಇನ್ನೊಬ್ಬಾಕಿ ವಚನ ಇಳಿಸಿಕೊಂಡು ಕಳಸ್ತಾಳ, ಮತ್ತೊಬ್ಬಾಕಿ ಹಳೇ ಸಿನಿಮಾದ್ದ ಒಂದ ಹಾಡು ಕಳಿಸಿ "ರೊಟ್ಟಿ ಬಡಿಯುವಾಗ ಕೇಳ್ರಿ, ಹಿಟ್ಟು ಮುಗದದ್ದ ಗೊತ್ತಾಗಾಂಗಿಲ್ಲ" ಅಂತ ಬರೀತಾಳ. ಮೊದಲ ಎದರಾದವ್ರನ್ನ "ಏನ ಅಡಗಿ ಮಾಡೀರಿ" ಅಂತ ಕೇಳತಿದ್ವಿ. ಈಗ ಅದರ ಜೋಡಿ "ಹೊಸದ ಏನ ಇಳಿಸಿಕೊಂಡೀರಿ" ಅನ್ನೂದೂ ಸೇರಿಕೊಂಡೈತಿ.

ಇದು ಭಾಳ ಚಲೋ ಕೆಲಸ. ಒಬ್ಬರಿಗೆ ಹಿಡಿಸಿದ ಹಾಡು ಹತ್ತು ಮನಿಗೆ ಮುಟ್ಟತೈತಿ. ಆದ್ರ ಹಿಂಗ ಬಂದ ಹಾಡು ಹಾಡಿದವ್ರು ಯಾರ್ರೀ ಅಂತ ಕೇಳಿದ್ರ ಬರೂ ಉತ್ತರ ಒಂದ: "ಗೊತ್ತಿಲ್ರಿ ಅಕ್ಕಾರ, ನನಗೂ ಯಾರೋ ಕಳಿಸಿದ್ರು." ಹಾಡು ಬಂತು, ಹೆಸರು ದಾರ್‍ಯಾಗ ಉದುರಿ ಬಿತ್ತು. ಇದೇನ ದೊಡ್ಡ ಮಾತು ಅಂತ ನಿಮಗ ಅನಿಸಬಹುದು. ಆದ್ರ ಹಾಡು ಹಂಚಿಕೊಂಡ ಕತಿ ಪೂರ್ತಿ ನೋಡಿದ್ರ ಅದು ಹೆಸರು ಉಳದ, ಹೆಸರು ಅಳದ ಕತೀನೂ ಹೌದು. ಅದರಾಗ ಭಾಳಷ್ಟು ಹೆಸರು ನಮ್ಮಂಥ ಹೆಣಮಕ್ಕಳದ ಅದಾವು. ಅದಕ್ಕ ಈ ಸಲ ಅಡಗಿ ವಿಚಾರ ಬದಿಗಿಟ್ಟು ಇದನ್ನ ಬರಿಯಾಕ ಕುಂತೀನಿ.

ಹಾಡಿನ ಒಳಗ ಹೊಲದ ಹೆಸರು

ನಮ್ಮ ಹಿರೇರು ಈ ವಿಚಾರದಾಗ ಭಾಳ ಶಾಣ್ಯಾರಿದ್ರು. ಅಂಕಿತ ಅಂತ ಒಂದ ಪದ್ಧತಿ ಇಟ್ಟಿದ್ರು. ದಾಸರ ಪದದ ಕೊನೀ ಸಾಲಿನ್ಯಾಗ ಪುರಂದರ ವಿಠಲ ಅಂತ ಬಂದ್ರ ಅದು ಪುರಂದರದಾಸರದ್ದು. ಚೆನ್ನಮಲ್ಲಿಕಾರ್ಜುನ ಅಂತ ಬಂದ್ರ ಅಕ್ಕಮಹಾದೇವಿ ವಚನ. ಶಿಶುನಾಳಧೀಶ ಅಂತ ಬಂದ್ರ ನಮ್ಮ ಶರೀಫಜ್ಜಂದು. ರಾಣೆಬೆನ್ನೂರು ಕಡೆ ಹೆಳವನಕಟ್ಟೆ ಗಿರಿಯಮ್ಮನ ಪದದಾಗ ಹೆಳವನಕಟ್ಟೆ ರಂಗ ಬರತಾನ. ಹೇಳೂದು ದೇವರ ಹೆಸರು, ಗುರತು ಸಿಗೂದು ಹಾಡು ಕಟ್ಟಿದವ್ರದ್ದು. ಹಾಳಿ ಮ್ಯಾಲೆ ಬರದ ಹೆಸರು ಹರದ ಹೋದೀತು. ಹಾಡಿನ ಒಳಗ ಹೊಲದ ಹೆಸರು ಸೆರಗಿನ ಗಂಟಿನ್ಯಾಗಿನ ರೊಕ್ಕದಂಗ, ಹಾಡು ಎಲ್ಲಿಗೆ ಹೋದ್ರೂ ಜೊತಿಗೇ ಹೋಗತೈತಿ.

ಆದ್ರ ಬೀಸೂಕಲ್ಲಿನ ಮುಂದ ಕುಂತು ಹಾಡಿದ ನಮ್ಮ ಗರತಿಯರು ಅಂಕಿತ ಹಾಕಲಿಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದ್ರ ಮಧುರಚೆನ್ನರು, ಸಿಂಪಿ ಲಿಂಗಣ್ಣನವ್ರು ಮತ್ತ ಅವ್ರ ಜೊತಿಗಾರರು, ಊರೂರು ತಿರಗಿ ಆ ತ್ರಿಪದಿ ಕೂಡಿಸಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದ್ರು. ಅವ್ರು ಮಾಡಿದ್ದರಿಂದ ಹಾಡು ಉಳದ್ವು. ಮೊದಲ ಕಟ್ಟಿ ಹಾಡಿದಾಕಿ ಯಾವ ಊರಾಕಿ, ಯಾರ ಮಗಳು ಅನ್ನೂದು ಮಾತ್ರ ಅಷ್ಟೊತ್ತಿಗಾಗಲೇ ಹಿಟ್ಟಿನ ಜೋಡಿ ಹಾರಿ ಹೋಗಿತ್ತು. ತವರಿನ ಮ್ಯಾಲಿನ ಅಷ್ಟೊಂದು ತ್ರಿಪದಿ ಹಾಡಿದವ್ರು ತಮ್ಮ ಹೆಸರು ಹೇಳಕೊಂಡಿಲ್ಲ, ಕೇಳಿದವ್ರೂ ಇಲ್ಲ.

ತಟ್ಟಿ ಮ್ಯಾಲಿನ ದನಿ

ಮಷೀನಿನ್ಯಾಗ ಹಾಡು ತುಂಬೂ ಕಾಲ ಬಂದಾಗ ಏನಾತು ನೋಡ್ರಿ. ಲಂಡನ್ನಿನ ಗ್ರಾಮೊಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಅನ್ನವ್ರನ್ನ ನಮ್ಮ ದೇಶಕ್ಕ ಕಳಿಸಿತು. 1902ರ ನವೆಂಬರಿನ್ಯಾಗ ಅವ್ರು ಕಲ್ಕತ್ತಾದ ಒಂದ ಹೋಟೆಲ್ಲಿನ ಖೋಲಿಯೊಳಗ ಹಾಡು ತುಂಬಿಕೊಂಡ್ರು. ಅವಾಗ ಮೈಕ್ ಇರಲಿಲ್ಲ. ದೊಡ್ಡದೊಂದ ಕಹಳಿಯಂಥ ಕೊಳವಿಗೆ ಮಾರಿ ಹಿಡದು ಜೋರಾಗಿ ಹಾಡಬೇಕಿತ್ತು. ಮೂರ ನಿಮಿಷ ಆತೋ, ಮುಗೀತು. ತಾಸಗಟ್ಟಲೆ ಹಾಡೂ ರಾಗ ಮೂರ ನಿಮಿಷದಾಗ ಹಿಡಸೂದಂದ್ರ ಐದ ಸೇರ ಅಕ್ಕಿ ಒಂದ ಚಟಗ್ಯಾಗ ಬೇಯಿಸಿದಂಗ. ದೊಡ್ಡ ದೊಡ್ಡ ಉಸ್ತಾದರು ಹಿಂದ ಮುಂದ ನೋಡತಿದ್ದಾಗ ಧೈರ್ಯ ಮಾಡಿದವ್ರಾಗ ಹೆಣಮಕ್ಕಳೇ ಮುಂದಿದ್ರು. ಅವ್ರಾಗ ಹೆಸರು ಆದವ್ರು ಗೌಹರ್ ಜಾನ್.

ಗೌಹರ್ ಜಾನ್ ಹಾಡು ಮುಗಿಸಿದ ಕೂಡಲೇ ಇಂಗ್ಲೀಷಿನ್ಯಾಗ "ನನ್ನ ಹೆಸರು ಗೌಹರ್ ಜಾನ್" ಅಂತ ಕೂಗಿ ಹೇಳತಿದ್ರು. ಈಗ ಕೇಳಿದವ್ರು ನಗತಾರ. ಆದ್ರ ಅದಕ್ಕ ಕಾರಣ ಇತ್ತು. ಆ ತಟ್ಟಿ ಅಚ್ಚಾಗತಿದ್ದದ್ದು ಜರ್ಮನಿಯ ಹ್ಯಾನೊವರ್ ಊರಾಗ. ಅಲ್ಲಿ ಕೆಲಸದವ್ರಿಗೆ ನಮ್ಮ ಭಾಷೆ ಬರಾಂಗಿಲ್ಲ. ಯಾರ ತಟ್ಟಿ ಯಾವುದು ಅಂತ ಗುರತ ಹಿಡದು ಸರಿಯಾದ ಚೀಟಿ ಅಂಟಸಬೇಕಲ್ಲ, ಅದಕ್ಕ ಹಾಡಿನ ಬಾಲಕ್ಕ ಹೆಸರು. ನಮ್ಮ ದಾಸರ ಅಂಕಿತಾನೇ ಅದು, ವೇಷ ಬ್ಯಾರೆ ಅಷ್ಟ. ಅವ್ರು ಹತ್ತಕ್ಕಿಂತ ಹೆಚ್ಚು ಭಾಷೆಯೊಳಗ ಆರನೂರರ ಆಸುಪಾಸು ಹಾಡು ತುಂಬಿದ್ರಂತ. ಕೊನೀ ದಿನ ಕಳದದ್ದು ನಮ್ಮ ಮೈಸೂರಾಗ. 1928ರಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನಿಯ ಗಾಯಕಿ ಅಂತ ನೇಮಿಸಿಕೊಂಡ್ರು. 1930ರ ಜನವರಿಯೊಳಗ ಅಲ್ಲೇ ತೀರಿಕೊಂಡ್ರು. ತಮ್ಮ ಹೆಸರು ತಾವೇ ಕೂಗಿ ಹೇಳಿದ್ದಕ್ಕ ನೂರ ವರ್ಷ ದಾಟಿದ್ರೂ ಅವ್ರ ಹೆಸರು ತಟ್ಟಿಯೊಳಗ ಹಂಗ ಐತಿ.

ಇನ್ನೊಂದ ಮಾತು ನಿಮಗ ಹೇಳಲೇಬೇಕು. ಆ ಕಾಲದ ತಟ್ಟಿ ಪ್ಲಾಸ್ಟಿಕ್ಕಿಂದಲ್ಲ. ಅರಗಿಗೆ ಕಲ್ಲಿನ ಪುಡಿ, ಬ್ಯಾರೆ ಒಂದೆರಡ ಸಾಮಾನು ಸೇರಿಸಿ ಅಚ್ಚ ಒತ್ತತಿದ್ರು. ಗಿಡದ ಟೊಂಗಿ ಮ್ಯಾಲೆ ಸಣ್ಣ ಹುಳ ಕಟ್ಟೂ ಅರಗು ಅದು. ನಮ್ಮ ಅರಗಿನ ಬಳಿ ಮಾಡೂದೂ ಅದರಿಂದನ. ಜಗತ್ತಿನ ತಟ್ಟಿಗೆಲ್ಲಾ ಅರಗು ಹೋಗತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದ. ಬಳಿ ಹಂಗ ತಟ್ಟೀನೂ ಕೈ ಜಾರಿ ಬಿತ್ತಂದ್ರ ಚೂರು ಚೂರು.

ಈ ಗಾಂಧಾರಿ ಯಾರು?

ಈಗ ನಮ್ಮ ಹುಬ್ಬಳ್ಳಿ ಸುದ್ದಿಗೆ ಬರೋಣ. ಹೋದ ತಿಂಗಳ ನಮ್ಮ ಸಣ್ಣ ಸೊಸಿ ಒಂದ ಹಳೇ ಹಾಡು ಇಳಿಸಿಕೊಂಡಿದ್ಲು. ತೆಳ್ಳಗ, ಎತ್ತರದ ಹೆಣ್ಣ ದನಿ, ಸರ್ ಸರ್ ಅಂತ ತಟ್ಟಿ ಸಪ್ಪಳ. ಹೆಸರಿನ ಜಾಗದಾಗ 'ಗಾಂಧಾರಿ' ಅಂತಷ್ಟ ಇತ್ತು. "ಅತ್ತಿ, ಇದ್ಯಾರ್ರೀ, ಮಹಾಭಾರತದ ಗಾಂಧಾರಿಯೇನ್ರಿ?" ಅಂತ ಕೇಳಿದ್ಲು. ನಾನು ನಕ್ಕು, ನೀ ಬಸ್ಸಿನ್ಯಾಗ ದೇಶಪಾಂಡೆ ನಗರದ ಕಡೆ ಹೋಗತಿ ಅಲ್ಲ, ಅಲ್ಲೇ 'ಗಂಗಾಲಹರಿ' ಅಂತ ಅವ್ರ ಮನಿ ಐತಿ ನೋಡು ಅಂದೆ.

ಹೌದ್ರಿ, ಗಾಂಧಾರಿ ಅಂದ್ರ ಗಂಗೂಬಾಯಿ ಹಾನಗಲ್ಲರು. 1913ರಾಗ ಧಾರವಾಡದಾಗ ಹುಟ್ಟಿದ್ರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡತಿದ್ರು. 1924ರಾಗ ಬೆಳಗಾವಿಯೊಳಗ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನದಾಗ ಸ್ವಾಗತ ಗೀತ ಹಾಡಿದ ಹುಡಿಗ್ಯಾರೊಳಗ ಇವ್ರೂ ಒಬ್ಬರು. ಮುಂದ 1930ರ ದಶಕದಾಗ ಎಚ್‌ಎಂವಿ ಕಂಪನಿ ಇವ್ರ ತಟ್ಟಿ ತಂದಾಗ ಮ್ಯಾಲೆ ಅಚ್ಚಾದ ಹೆಸರು ಗಾಂಧಾರಿ. ಮುಂದ ಗಂಟಲಿನ ತೊಂದ್ರಿಗೆ ಚಿಕಿತ್ಸೆ ಆದ ಮ್ಯಾಲೆ ದನೀನೂ ಬದಲಾತು. ನಾವೆಲ್ಲಾ ಕೇಳಿದ್ದು ಗಂಡುದನಿಯಂಥ ಆ ಗಟ್ಟಿ ಗಂಭೀರ ದನಿ. ಹೆಸರೂ ಬ್ಯಾರೆ, ದನೀನೂ ಬ್ಯಾರೆ. ಗಾಂಧಾರಿ ಅಂದ್ರ ಗಂಗೂಬಾಯಿ ಅಂತ ಬಲ್ಲವ್ರು ಹೇಳದಿದ್ರ ಆ ಹದಿಹರೆ ದಾಟಿದ ಹುಡಿಗಿಯ ಹಾಡು ಯಾವುದೋ ಗುರತಿಲ್ಲದ ಹೆಂಗಸಿನ ಲೆಕ್ಕಕ್ಕ ಹೋಗತಿತ್ತು. ಜಾತಿ ಹೆಸರಿಲೆ, ಹಾಡೂ ಮನೆತನದವ್ರು ಅನ್ನೂ ಹೆಸರಿಲೆ ಅವ್ರು ಎಷ್ಟ ಅವಮಾನ ನುಂಗಿದ್ರು ಅಂತ ಅವ್ರ ಆತ್ಮಕತೆ 'ನನ್ನ ಬದುಕಿನ ಹಾಡು' ಓದಿದವ್ರಿಗೆ ಗೊತ್ತೈತಿ. ಅಷ್ಟೆಲ್ಲಾ ದಾಟಿ ಗಳಿಸಿದ ಹೆಸರನ್ನ ನಾವು ಒಂದ ಗುಂಡಿ ಒತ್ತೂದ್ರೊಳಗ ಕಳೀಬಾರದಲ್ಲ?

ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಜಾಣತನ ಮಾಡಿದ್ರು. ಮುಂಬೈಗೆ ಹೋದ್ರೂ ನಾಡಿನ ಹೆಸರು ತಮ್ಮ ಹೆಸರಿಗೆ ಕಟ್ಟಿಕೊಂಡ್ರು. 1943ರ 'ಕಿಸ್ಮತ್' ಸಿನಿಮಾದಾಗ ಅವ್ರ ಹಾಡು ದೇಶ ತುಂಬ ಓಡಿದ್ವು. ಕರ್ನಾಟಕಿ ಅಂತ ಇದ್ದದ್ದಕ್ಕ ಇವತ್ತಿಗೂ ಅವ್ರು ನಮ್ಮವ್ರು ಅಂತ ಗುರತ ಸಿಗತೈತಿ.

ಒಂದ ಅಂಗಡಿಯಿಂದ ಕುಂದಗೋಳದ ತನಕಾ

ಹೆಸರು ಗೊತ್ತಿದ್ರ ಏನ ಲಾಭ ಅಂತ ಕೇಳೋರಿಗೆ ಗದಗಿನ ಹುಡುಗನ ಕತಿ ಹೇಳತೀನಿ. ಭೀಮಸೇನ ಜೋಶಿಯವ್ರು ಸಣ್ಣಾಂವ ಇದ್ದಾಗ ಒಂದ ಅಂಗಡಿಯೊಳಗ ಹಚ್ಚಿದ ತಟ್ಟಿ ಕೇಳಿದ್ರು. ಉಸ್ತಾದ್ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿ. ಆ ದನಿ ತಲಿಯೊಳಗ ಹೊಕ್ಕದ್ದು ಹೊರಗ ಬರಲಿಲ್ಲ. ಊಟದಾಗ ಇನ್ನೊಂದ ಚಮಚ ತುಪ್ಪ ಹಾಕಲಿಲ್ಲ ಅಂತ ಸಿಟ್ಟಾಗಿ ಹನ್ನೊಂದನೇ ವಯಸ್ಸಿಗೆ ಮನಿ ಬಿಟ್ರು ಅಂತ ಹೇಳತಾರ. ಮಕ್ಕಳಿಗೆ ತುಪ್ಪ ಬಡಿಸುವಾಗ ನನಗ ಈ ಕತಿ ನೆನಪಾಗೇ ಆಗತೈತಿ. ಸಿಟ್ಟು ನೆವ ಅಷ್ಟ, ಹುಡುಕಿದ್ದು ಗುರೂನ್ನ. ಉತ್ತರ ಹಿಂದೂಸ್ತಾನ ಎಲ್ಲಾ ಸುತ್ತಿ ಬಂದು 1936ರ ಹೊತ್ತಿಗೆ ಕುಂದಗೋಳದಾಗ ಸವಾಯಿ ಗಂಧರ್ವರ ಹತ್ರ ಸೇರಿದ್ರು. ಸವಾಯಿ ಗಂಧರ್ವರು ಯಾರು? ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಗಂಗೂಬಾಯಿಯವ್ರೂ ಹುಬ್ಬಳ್ಳಿಯಿಂದ ರೈಲಿನ್ಯಾಗ ಕುಂದಗೋಳಕ್ಕ ಹೋಗಿ ಅವ್ರ ಹತ್ರನೇ ಕಲತ್ರು.

ಆ ಅಂಗಡಿಯವ ಹಚ್ಚಿದ ತಟ್ಟಿ ಒಂಥರಾ ನಾವು ಈಗ ಕಳಸೂ ಹಾಡಿನಂಗನ. "ಕೇಳ್ರಿ, ಚಲೋ ಐತಿ" ಅಂತ ದಾರ್‍ಯಾಗ ಹೋಗೋರಿಗೆ ಹಂಚಿದ್ದ. ಆದ್ರ ತಟ್ಟಿ ನಡುವ ಅಂಟಿಸಿದ ದುಂಡ ಚೀಟಿ ಮ್ಯಾಲೆ ಹಾಡಿದವ್ರ ಹೆಸರಿತ್ತು. ಆ ಹೆಸರು ಅಂದ್ರ ಒಂದ ದಾರಿ. ಹೆಸರು ಹಿಡಕೊಂಡು ಗುರುವಿನ ಮನಿ ಮುಟ್ಟಬಹುದು. ಹೆಸರಿಲ್ಲದ ಹಾಡು ಕಿವಿ ತನಕಾ ಬರತೈತಿ, ಮುಂದಿನ ದಾರಿ ತೋರಸಾಂಗಿಲ್ಲ.

ಕೇಳಿದವ್ರೇ ಹೆಸರು ಬರಿಸಿದ್ದು

1949ರಾಗ 'ಮಹಲ್' ಅಂತ ಹಿಂದಿ ಸಿನಿಮಾ ಬಂತು. ಅದರ ಒಂದ ಹಾಡು ರೇಡಿಯೋದಾಗ ಬಂದದ್ದ ತಡ, ಜನ ಹುಚ್ಚಾದ್ರು. ತಟ್ಟಿ ಮ್ಯಾಲೆ ಹಾಡಿದಾಕಿ ಹೆಸರು 'ಕಾಮಿನಿ' ಅಂತ ಇತ್ತು. ಕಾಮಿನಿ ಅಂದ್ರ ಗಾಯಕಿ ಅಲ್ಲ, ಸಿನಿಮಾದಾಗ ಮಧುಬಾಲಾ ಮಾಡಿದ ಪಾತ್ರದ ಹೆಸರು. ಅವಾಗಿನ ಕಾಲಕ್ಕ ಪಾತ್ರದ ಹೆಸರೇ ಅಚ್ಚ ಹಾಕತಿದ್ರು, ಹಿಂದ ನಿಂತು ಹಾಡಿದವ್ರ ಸುದ್ದಿ ಇರತಿರಲಿಲ್ಲ. ಕೇಳಿದ ಜನ ಸುಮ್ಮನ ಕೂಡಲಿಲ್ಲ. ಹಾಡಿದವ್ರು ಯಾರು ಹೇಳ್ರಿ ಅಂತ ರೇಡಿಯೋದವ್ರ ಬೆನ್ನ ಹತ್ತಿದ್ರು. ರೇಡಿಯೋದವ್ರು ಕಂಪನಿಗೆ ಕೇಳಿ ಹೆಸರು ಹೇಳಿದ್ರು: ಲತಾ ಮಂಗೇಶ್ಕರ್. ಇದನ್ನ ಲತಾ ಅವ್ರೇ ಮುಂದ ಸಂದರ್ಶನದಾಗ ಹೇಳಿಕೊಂಡಾರ. ನಮ್ಮ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಸಿನಿಮಾಕ್ಕ 1967ರಾಗ ಹಾಡಿದ ಲತಾ ಇವ್ರೇ.

ಈ ಸುದ್ದಿ ನನಗ ಭಾಳ ಸೇರತೈತಿ. ಹೆಸರು ಬರಿಸಿದ್ದು ಕಂಪನಿ ಅಲ್ಲ, ಸರಕಾರ ಅಲ್ಲ. ಮನ್ಯಾಗ ಕುಂತು ಕೇಳೂ ಮಂದಿ. "ಯಾರು ಹಾಡಿದ್ದು" ಅನ್ನೂ ಒಂದ ಪ್ರಶ್ನೆಗೆ ಅಷ್ಟ ಶಕ್ತಿ ಐತಿ.

ಆಮ್ಯಾಲೆ ರೇಡಿಯೋದ ಸುವರ್ಣ ಕಾಲ. ಧಾರವಾಡ ಆಕಾಶವಾಣಿ ಸುರು ಆಗಿದ್ದು 1950ರ ಜನವರಿ 8ಕ್ಕ. ದಿಲ್ಲಿಯೊಳಗ ಮಂತ್ರಿಯಾಗಿದ್ದ ಕೇಸ್ಕರ್ ಅವ್ರಿಗೆ ಸಿನಿಮಾ ಹಾಡು ಸೇರತಿರಲಿಲ್ಲ. ಆಕಾಶವಾಣಿಯೊಳಗ ಅವು ಬಂದ್ ಆದಾಗ ಮಂದಿ ರೇಡಿಯೋ ಸಿಲೋನ್ ಕಡೆ ಕಿವಿ ತಿರವಿದ್ರು. 1952ರ ಕೊನಿಗೆ ಅಮೀನ್ ಸಯಾನಿಯವ್ರ ಬಿನಾಕಾ ಗೀತಮಾಲಾ ಸುರು ಆತು. ಸರಕಾರಕ್ಕೂ ಬುದ್ಧಿ ಬಂದು 1957ರ ಅಕ್ಟೋಬರ್ 3ಕ್ಕ ವಿವಿಧ ಭಾರತಿ ತಂದ್ರು. ಅದರಾಗಿನ ಕೋರಿಕೆ ಹಾಡು ನಿಮಗೆಲ್ಲಾ ನೆನಪೈತಿ. ಕಾರ್ಡು ಬರದು ಹಾಡು ಕೇಳೂದು, ಅವ್ರು ನಮ್ಮ ಹೆಸರು ಓದೂದು. ಅವಾಗ ಬಿಹಾರದಾಗಿದ್ದ ಝುಮ್ರಿ ತಲೈಯಾ ಅನ್ನೂ ಅಭ್ರಕದ ಊರು ಬರೇ ಕಾರ್ಡು ಬರದೇ ದೇಶಕ್ಕೆಲ್ಲಾ ಹೆಸರಾತು. ರೇಡಿಯೋದವ್ರ ಒಂದ ಶಿಸ್ತು ನೋಡ್ರಿ: ಹಾಡು ಹಚ್ಚೂಕಿಂತ ಮೊದಲ ಚಿತ್ರ, ಗಾಯಕರು, ಸಾಹಿತ್ಯ, ಸಂಗೀತ, ಇಷ್ಟೂ ಹೇಳತಿದ್ರು. ನಮ್ಮವ್ವ ಸಾಲಿ ಕಲತದ್ದು ನಾಕನೇತ್ತೆ. ಆದ್ರ ಯಾವ ಹಾಡಿಗೆ ಯಾರ ಸಂಗೀತ ಅಂತ ನೀರ ಕುಡದಂಗ ಹೇಳತಾಳ. ಕಲಿಸಿದ್ದು ರೇಡಿಯೋ.

ಪೆನ್ಸಿಲ್ಲಿಲೆ ಸುತ್ತಿದ ಕಾಲ

ಕ್ಯಾಸೆಟ್ ಕಂಡು ಹಿಡದದ್ದು 1963ರಾಗ ಫಿಲಿಪ್ಸ್ ಕಂಪನಿ. ನಮ್ಮ ಕಡೆ ಮನಿ ಮನಿಗೆ ಬಂದದ್ದು 80ರ ದಶಕದಾಗ, ನಾನು ಪಿಯುಸಿ ಓದುವಾಗ. ಕನ್ನಡದಾಗ 1978ರಾಗ ಬಂದ 'ನಿತ್ಯೋತ್ಸವ' ಭಾವಗೀತಿಯ ಮೊದಲನೇ ಕ್ಯಾಸೆಟ್ ಅಂತ ಹೆಸರಾತು. ಕವಿತಾ ನಿಸಾರ್ ಅಹಮದ್ ಅವ್ರದ್ದು, ರಾಗ ಮೈಸೂರು ಅನಂತಸ್ವಾಮಿಯವ್ರದ್ದು. ಆಮ್ಯಾಲೆ ಸಿ. ಅಶ್ವಥ್ ಅವ್ರು ಬಂದ್ರು, ಶರೀಫಜ್ಜನ ತತ್ವಪದಕ್ಕ ದನಿ ಕೊಟ್ರು, ರತ್ನಮಾಲಾ ಪ್ರಕಾಶ ಅವ್ರು ಹಾಡಿದ್ರು. ಭಾವಗೀತಿ ಕ್ಯಾಸೆಟ್ಟಿನ ಕವರ್ ಮ್ಯಾಲೆ ಕವಿ ಹೆಸರು ದಪ್ಪ ಅಕ್ಷರದಾಗ ಇರತಿತ್ತು. ಪುಸ್ತಕ ಮುಟ್ಟದವ್ರೂ ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ ಅಂತ ಹೆಸರು ಹೇಳಾಕ ಕಲತದ್ದು ಆ ಕವರಿನಿಂದ.

ರೊಕ್ಕ ಕಡಿಮಿ ಇದ್ದವ್ರಿಗೆ ಇನ್ನೊಂದ ದಾರಿ ಇತ್ತು. ಖಾಲಿ ಕ್ಯಾಸೆಟ್ ತಗೊಂಡು, ನೋಟ್‌ಬುಕ್ಕಿನ ಹಾಳಿ ಮ್ಯಾಲೆ ನಮಗ ಬೇಕಾದ ಹಾಡಿನ ಪಟ್ಟಿ ಮಾಡಿ ಅಂಗಡಿಗೆ ಕೊಡೂದು. ಅರವತ್ತ ನಿಮಿಷದ್ದಾದ್ರ ಒಂದ ಕಡೆ ಅರ್ಧ ತಾಸು, ತೊಂಬತ್ತರದ್ದಾದ್ರ ಮುಕ್ಕಾಲ ತಾಸು. ಆ ಪಟ್ಟಿ ಮಾಡಾಕ ಗೆಳತ್ಯಾರು ಕೂಡಿ ಎಷ್ಟ ಜಗಳಾ! ತುಂಬಿಸಿ ಬಂದ ಮ್ಯಾಲೆ ಒಳಗಿನ ಕಾರ್ಡಿನ ಮ್ಯಾಲೆ ದುಂಡಗ ಅಕ್ಷರದಾಗ ಹಾಡು, ಸಿನಿಮಾ, ಹಾಡಿದವ್ರು ಅಂತ ಮೂರ ಸಾಲು ಬರೀತಿದ್ವಿ. ಯಾರೂ ಅಳಸಬಾರದಂತ ಕ್ಯಾಸೆಟ್ಟಿನ ಮ್ಯಾಲಿನ ಸಣ್ಣ ಹಲ್ಲು ಮುರೀತಿದ್ವಿ. ಟೇಪು ಸಿಕ್ಕಿಕೊಂಡ್ರ ಪೆನ್ಸಿಲ್ಲಿಲೆ ಸುತ್ತತಿದ್ವಿ. ಕ್ಯಾಸೆಟ್ ಓಣಿ ತುಂಬ ತಿರಗತಿತ್ತು, ಹೆಸರಿನ ಕಾರ್ಡೂ ಅದರ ಜೋಡಿ ತಿರಗತಿತ್ತು.

ಆದ್ರ ಮನೀ ಹಾಡು ತುಂಬಿದಾಗ ಈ ಶಿಸ್ತು ಯಾರೂ ಇಡಲಿಲ್ಲ. ನಮ್ಮ ಚಿಗವ್ವನ ಮನಿ ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಹೋದ ವರ್ಷ ಒಂದ ಕ್ಯಾಸೆಟ್ ಸಿಕ್ತು. ಮ್ಯಾಲೆ ಬರದದ್ದು 'ಹಾಡು 2' ಅಂತಷ್ಟ. ಹಚ್ಚಿ ಕೇಳಿದ್ರ ವಯಸ್ಸಾದ ಹೆಣಮಗಳೊಬ್ಬಾಕಿ ಜೋಗುಳ ಹಾಡ್ತಾಳ, ಆಮ್ಯಾಲೆ ಸೋಬಾನ. ಹಿಂದ ಒಂದ ಕೂಸು ಅಳತೈತಿ, ಯಾರೋ ಕೊಡಾ ಇಟ್ಟ ಸಪ್ಪಳ ಆಗತೈತಿ. ನಮ್ಮವ್ವ ಕೇಳಿದ ಕೂಡಲೇ ಸೆರಗ ಕಣ್ಣಿಗೆ ಹಚ್ಚಿ "ನಮ್ಮವ್ವನ ದನಿ ಇದು" ಅಂದ್ಲು. ಚಿಗವ್ವ "ಅಲ್ಲ ಅಕ್ಕಾ, ಇದು ನಮ್ಮ ಸೋದರತ್ತಿ, ಆ ಕೆಮ್ಮು ಕೇಳು" ಅಂದ್ಲು. ಇಬ್ಬರೂ ಎಂಟ ದಿನ ಅದನ್ನೇ ಹಚ್ಚಿ ಹಚ್ಚಿ ಕೇಳಿದ್ರು. ಹೇಳವ್ರು ಈಗ ಯಾರೂ ಉಳದಿಲ್ಲ. ಪೆನ್ನಿಲೆ ನಾಕ ಅಕ್ಷರ ಬರದಿದ್ರ ಸಾಕಿತ್ತು. ಆ ಜೋಗುಳಾನ ಫೋನಿಗೆ ಇಳಿಸಿಸಿ ಇಬ್ಬರ ಹೆಸರೂ ಬರಿಸಿ, ಮುಂದ ಒಂದ ಪ್ರಶ್ನೆ ಚಿಹ್ನೆ ಇಡಿಸೀನಿ. ಗೊತ್ತಿದ್ದಷ್ಟರ ಉಳೀಲಿ ಅಂತ.

ಎಂಪಿ3ಯ ಬಾಲದಾಗಿನ ಚೀಟಿ

ಈಗ ನಾವು ಇಳಿಸಿಕೊಳ್ಳೂ ಹಾಡಿನ ಸುದ್ದಿ. ಸಿಡಿಯೊಳಗ ಒಂದ ನಿಮಿಷದ ಹಾಡಿಗೆ ಸುಮಾರ 10 ಎಂಬಿ ಜಾಗ ಬೇಕು. ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಮತ್ತ ಅವ್ರ ಜೊತಿಯವ್ರು ನಮ್ಮ ಕಿವಿಗೆ ಕೇಳದೇ ಹೋಗೂ ಸಪ್ಪಳ ಯಾವು ಅಂತ ಲೆಕ್ಕಾ ಹಾಕಿ, ಅವನ್ನ ಹಿಟ್ಟು ಸಾಣಿಸಿ ತೌಡು ತಗದಂಗ ತಗದ್ರು. ಹತ್ತ ಎಂಬಿದ್ದು ಒಂದ ಎಂಬಿಗೆ ಬಂತು. 1995ರ ಜುಲೈದಾಗ ಅದಕ್ಕ ಎಂಪಿ3 ಅನ್ನೂ ಹೆಸರು ಗಟ್ಟಿ ಆತು. ಸಾಣಿಗಿ ಸರಿ ಐತೋ ಇಲ್ಲೋ ಅಂತ ನೋಡಾಕ ಅವ್ರು ಹೊಳ್ಳಾ ಮುಳ್ಳಾ ಹಚ್ಚಿ ಕೇಳಿದ್ದು ಅಮೆರಿಕಾದ ಸುಜಾನ್ ವೇಗಾ ಅನ್ನೂ ಗಾಯಕಿ ವಾದ್ಯ ಇಲ್ಲದ ಬರೇ ದನಿಯಿಂದ ಹಾಡಿದ ಒಂದ ಹಾಡು. ಮೊದಮೊದಲ ಆಕಿ ದನಿ ಕೆಟ್ಟ ಕೇಳತಿತ್ತಂತ. ಆಕಿ ದನಿ ಚಂದ ಕೇಳೂ ತನಕಾ ಅವ್ರು ಬಿಡಲಿಲ್ಲ. ನಮ್ಮ ಫೋನಿನ್ಯಾಗಿನ ಹಾಡೆಲ್ಲಾ ಒಬ್ಬ ಹೆಣಮಗಳ ದನಿಯ ಜರಡಿಯೊಳಗ ಹಾದು ಬಂದದ್ದು ಅಂದಂಗಾತು.

1996ರಾಗ ಆ ಎಂಪಿ3ಗೆ ಒಂದ ಚೀಟಿ ಸೇರಿಸೂ ಪದ್ಧತಿ ಬಂತು. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವ್ರಿಗೆ 30 ಅಕ್ಷರ, ಆಲ್ಬಮ್ಮಿಗೆ 30, ವರ್ಷಕ್ಕ 4. ಆ ಚೀಟಿ ಇಡೂದು ಎಲ್ಲಿ ಅಂತೀರಿ? ಹಾಡಿನ ಬಾಲಕ್ಕ! ದಾಸರು ಅಂಕಿತ ಇಟ್ಟ ಜಾಗದಾಗ, ಗೌಹರ್ ಜಾನ್ ಹೆಸರು ಕೂಗಿದ ಜಾಗದಾಗ. ಮೊದಲಿನ ಚೀಟಿಯೊಳಗ ಕನ್ನಡ ಅಕ್ಷರಕ್ಕ ಜಾಗ ಇರಲಿಲ್ಲ. ಆಮ್ಯಾಲೆ ಬಂದದ್ದರಾಗ ಕನ್ನಡಾನೂ ಬರೀಬಹುದು.

ಚೀಟಿ ಇತ್ತು, ತುಂಬವ್ರು ಇರಲಿಲ್ಲ. 1999ರಾಗ ಅಮೆರಿಕಾದಾಗ ನ್ಯಾಪ್‌ಸ್ಟರ್ ಬಂತು, ಮಂದಿ ಒಬ್ಬರ ಕಂಪ್ಯೂಟರಿನಿಂದ ಒಬ್ಬರು ಹಾಡು ಎಳಕೊಂಡ್ರು, 2001ರಾಗ ಕೋರ್ಟಿನಿಂದ ಬಂದ್ ಆತು. ನಮ್ಮ ಕಡೆ ಮೊಬೈಲ್ ಅಂಗಡಿಯೊಳಗ ಮೆಮರಿ ಕಾರ್ಡಿಗೆ ಹಾಡು ತುಂಬೂದು ಸುರು ಆತು. ಹುಡುಗರ ಕೈಯಾಗ ಕಾರ್ಡು ಕೊಟ್ಟು "ದಾಸರ ಪದ ಹಾಕಿಸಿಕೊಂಡ ಬಾ" ಅಂದ್ರ ಅದರ ಜೋಡಿ ಇನ್ನೂರ ಕುಣಿಯೂ ಹಾಡು ಬರತಿದ್ವು. ಹಾಡಿದವ್ರ ಹೆಸರಿನ ಜಾಗದಾಗ ಯಾವುದೋ ವೆಬ್‌ಸೈಟಿನ ಹೆಸರು, ಹಾಡಿನ ಜಾಗದಾಗ 'ಟ್ರ್ಯಾಕ್ 01'. 2016ರ ಸೆಪ್ಟೆಂಬರಿನ್ಯಾಗ ಜಿಯೋ ಬಂದು ಇಂಟರ್ನೆಟ್ ಸಸ್ತಾ ಆದ ಮ್ಯಾಲೆ ಅಂತೂ ಹಾಡು ಮಳಿ ಹಂಗ ಬರಾಕ ಹತ್ತಿದ್ವು. ಅವ್ವನಂಥವ್ರಿಗೆ ಹೆಸರು ಕಲಿಸಿದ ರೇಡಿಯೋ ಅಣ್ಣಾವ್ರು, ಅಕ್ಕಾವ್ರು ಮಾತ್ರ ಆ ಮಳಿಯೊಳಗ ಇಲ್ಲ.

ನಾವು ಮಾಡಬಹುದಾದದ್ದು

ಕಾಯ್ದೇನೂ ಈ ಮಾತು ಒಪ್ಪತೈತಿ. 2012ರಾಗ ನಮ್ಮ ಕಾಪಿರೈಟ್ ಕಾಯ್ದೆ ತಿದ್ದಿದಾಗ, ಹಾಡಿದವ್ರು "ಇದನ್ನ ಹಾಡಿದ್ದು ನಾನು ಅಂತ ಹೆಸರು ಹೇಳ್ರಿ" ಅಂತ ಕೇಳೂ ಹಕ್ಕು ಸೇರಿಸಿದ್ರು. ಹಾಡು ಬರದವ್ರಿಗೂ ರಾಗ ಕಟ್ಟಿದವ್ರಿಗೂ ಗಳಿಕಿಯೊಳಗ ಪಾಲು ಬರೂವಂಗ ಆತು. ಹೆಸರಿದ್ರ ಪಾಲು, ಹೆಸರು ಅಳದ್ರ ಪಾಲೂ ಅಳೀತು. ತಟ್ಟಿ, ಕ್ಯಾಸೆಟ್ಟಿನ ರೆಕಾರ್ಡಿಂಗಿಗೆ ಹಕ್ಕು ಇರೂದು 60 ವರ್ಷ. ಅದಕ್ಕ ಗಾಂಧಾರಿ ಕಾಲದ ರೆಕಾರ್ಡಿಂಗಿನ ಅವಧಿ ಎಂದೋ ದಾಟೈತಿ. ಹೊಸಾವನ್ನ ಮಾತ್ರ ಕಂಪನಿಯವ್ರೇ ಹಾಕಿದ ಜಾಗದಿಂದ ಕೇಳ್ರಿ, ಅದರ ಲಿಂಕ್ ಕಳಸ್ರಿ. ಹಾಡಿದವ್ರ ಮನ್ಯಾಗೂ ಒಲಿ ಉರೀಬೇಕಲ್ಲ.

ಈ ತಿಂಗಳ ನಾನು ಕೇಳಿದ್ದು ಹೇಳತೀನಿ, ಹೆಸರು ಸಹಿತ. ಒಂದು, ಗಾಂಧಾರಿ ಹೆಸರಿನ ಗಂಗೂಬಾಯಿ ಹಾನಗಲ್ಲರ ಹಳೇ ತಟ್ಟಿ. ಅದನ್ನ ಕೇಳಿ, ಬೆನ್ನಿಗೇ ಅವ್ರ ಮುಪ್ಪಿನ ದನಿ ಕೇಳ್ರಿ, ಮೈ ಝುಂ ಅಂತೈತಿ. ಎರಡು, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕನ ವಚನ. ಬೆಳಿಗ್ಗೆ ಎದ್ದ ಕೂಡಲೇ, ಮನಿ ಮಂದಿ ಏಳೂಕಿಂತ ಮೊದಲ. ಮೂರು, ಭೀಮಸೇನ ಜೋಶಿಯವ್ರ ದಾಸವಾಣಿ. ಶುಕ್ರವಾರಕ್ಕ ಅದಕ್ಕಿಂತ ಚಲೋದು ನನಗ ಇನ್ನೂ ಸಿಕ್ಕಿಲ್ಲ. ನಾಕು, ಅಮೀರಬಾಯಿ ಕರ್ನಾಟಕಿಯವ್ರು 'ಕಿಸ್ಮತ್'ದಾಗ ಹಾಡಿದ್ದು. ಐದು, ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿ. ಮೂರೇ ನಿಮಿಷದ್ದು, ಅಷ್ಟರಾಗ ಒಬ್ಬ ಹುಡುಗನ ಮನಿ ಬಿಡಿಸಿದ್ದು ಯಾಕಂತ ತಿಳೀತೈತಿ.

ನನ್ನದೊಂದ ವಿನಂತಿ. ಇನ್ನ ಮ್ಯಾಲೆ ಹಾಡು ಕಳಸುವಾಗ ಕೆಳಗ ಮೂರ ಸಾಲು ಬರೀರಿ: ಹಾಡು ಯಾವುದು, ಬರದವ್ರು ಯಾರು, ಹಾಡಿದವ್ರು ಯಾರು. ಹಳೇ ಕ್ಯಾಸೆಟ್ ಕಾರ್ಡಿನ ಮ್ಯಾಲೆ ಬರೀತಿದ್ವಲ್ಲ, ಹಂಗನ. ಗೊತ್ತಿಲ್ಲದಿದ್ರ "ಯಾರ ದನಿ ಅಂತ ಬಲ್ಲವ್ರು ಹೇಳ್ರಿ" ಅಂತ ಬರೀರಿ. ಕೇಳೂದ್ರಾಗ ಸಣ್ಣತನ ಇಲ್ಲ. ಮನ್ಯಾಗಿನ ಹಿರೇರು ಸೋಬಾನ, ಆರತಿ ಪದ ಹಾಡಿದ್ದನ್ನ ಫೋನಿನ್ಯಾಗ ತುಂಬಿಕೊಳ್ಳುವಾಗ ಗೌಹರ್ ಜಾನರಂಗ ಕೊನಿಗೆ ಅವ್ರ ಬಾಯಿಲೇ ಹೇಳಸ್ರಿ: ನನ್ನ ಹೆಸರು ಇಂಥಾದ್ದು, ನಾನು ಇಂಥಾ ಊರಾಕಿ, ಈ ಹಾಡು ನನಗ ಇಂಥವ್ರು ಕಲಿಸಿದ್ರು. ನಾಚಿಕೊಂತಾರ, ಬಿಡಬ್ಯಾಡ್ರಿ.

ನಿಮ್ಮ ಅಟ್ಟದ ಮ್ಯಾಲೆ, ಟ್ರಂಕಿನ್ಯಾಗ ಹಳೇ ಕ್ಯಾಸೆಟ್ ಇದ್ರ ಈ ವಾರನೇ ತಗೀರಿ. ದನಿ ಗುರತ ಹಿಡಿಯೂ ಹಿರೇರು ಇನ್ನೂ ಇದ್ರ ಅವ್ರ ಮುಂದ ಹಚ್ಚಿ, ಅವ್ರು ಹೇಳಿದ ಹೆಸರು ಬರದ ಇಡ್ರಿ. ಶ್ರಾವಣ ಮುಗಿಯೂ ತನಕಾ ಕಾಯಬ್ಯಾಡ್ರಿ.